ಮೂರು ಎಕರೆಯ ವರ್ಷ: ರಾಗಿ, ಹಸು, ಜೇನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಗೋಷ್ಠಿಯಲ್ಲಿ ನನಗಿಂತ ಮೊದಲು ಡಾಕ್ಟರು, ಇಂಜಿನಿಯರು, ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು ಮಾತಾಡಿದರು. ನಾನು 1987ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಊರಲ್ಲೇ ಉಳಿದವನು. "ನಿಮ್ಮ ಬೇಸಾಯದ ಬಗ್ಗೆಯೇ ಹೇಳಿ, ಮಕ್ಕಳು ಕೇಳಲಿ" ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರಿಂದ ನಿಂತಿದ್ದೇನೆ. ನಮ್ಮ ಮನೆಮಾತು ತೆಲುಗು. ಮನೆಯಲ್ಲಿ 'ತೇನೆಟೀಗ' ಎನ್ನುತ್ತಿದ್ದುದನ್ನು 'ಜೇನುನೊಣ' ಎಂದು ಬರೆಯಲು ಕಲಿತದ್ದು ಈ ಶಾಲೆಯಲ್ಲಿ. ಮಾತು ಅಲ್ಲಲ್ಲಿ ತಡವರಿಸಿದರೆ ಕ್ಷಮಿಸಿ.

ನಮ್ಮದು ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳು ಸೇರುವ ಕಡೆಯ ಜಮೀನು. ಒಟ್ಟು ಮೂರು ಎಕರೆ ಹತ್ತು ಗುಂಟೆ. ಒಂದೂವರೆ ಎಕರೆ ರಾಗಿ ಹೊಲ, ಒಂದು ಎಕರೆ ಮಾವು, ಉಳಿದುದರಲ್ಲಿ ಮನೆ, ಕೊಟ್ಟಿಗೆ, ಸೀಮೆಹುಲ್ಲು, ಒಂದಿಷ್ಟು ತರಕಾರಿ. ಎರಡು ಸೀಮೆಹಸು, ಒಂದು ಕರು, ಆರು ಕುರಿ, ಹದಿನೈದು ನಾಟಿಕೋಳಿ, ಏಳು ಜೇನುಪೆಟ್ಟಿಗೆ. ದುಡಿಯುವವರು ನಾನು ಮತ್ತು ನನ್ನ ಹೆಂಡತಿ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಪಾಲಾರ್ ಇದೆ, ಮಳೆ ಬಂದರೆ ಮಾತ್ರ ನೀರು. ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆ. ಅದನ್ನು ಹಿಡಿದಿಡಲು ನಮ್ಮ ಹಿಂದಿನವರು ಊರೂರಿಗೆ ಕೆರೆ ಕಟ್ಟಿದರು. ನಮ್ಮ ಕಾಲದಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಇಂಥ ಕಡೆ ಒಂದೇ ಬೆಳೆಯನ್ನು ನಂಬುವುದು ಜೂಜು. ಟೊಮ್ಯಾಟೊ ಬೆಲೆ ಬಂದಾಗ ಕಾರು ಕೊಂಡವರೂ ಇದ್ದಾರೆ, ಬೆಲೆ ಬಿದ್ದಾಗ ರಸ್ತೆಗೆ ಸುರಿದವರೂ ಇದ್ದಾರೆ. ಇಬ್ಬರೂ ನಮ್ಮ ನೆಂಟರೇ. ನಾವು ಸ್ವಲ್ಪ ಸ್ವಲ್ಪ ಎಲ್ಲವನ್ನೂ ಇಟ್ಟುಕೊಂಡವರು.

ನಮ್ಮ ವರ್ಷ ಮಳೆ ನಕ್ಷತ್ರದ ಲೆಕ್ಕದಲ್ಲಿ ನಡೆಯುತ್ತದೆ. ಭರಣಿ, ಕೃತ್ತಿಕೆಯಲ್ಲಿ ಒಂದು ಹದ ಬಿದ್ದರೆ ಉಳುಮೆ, ಕೊಟ್ಟಿಗೆ ಗೊಬ್ಬರ ಹೊಡೆಯುವುದು. ಪುನರ್ವಸು, ಪುಷ್ಯ ಮಳೆಗಳಲ್ಲಿ, ಅಂದರೆ ಜುಲೈ ತಿಂಗಳಲ್ಲಿ, ರಾಗಿ ಬಿತ್ತನೆ. ನಾವು ಈಗಲೂ ಅಕ್ಕಡಿ ಸಾಲು ಬಿಟ್ಟಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಬದುವಿನಲ್ಲಿ ಹರಳು. ಮಕ್ಕಳು ಇದನ್ನು ಗಮನಿಸಬೇಕು. ರಾಗಿಗೆ ಜೇನುನೊಣ ಬೇಕಿಲ್ಲ, ಅದು ತನ್ನ ತೆನೆಯೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹುಚ್ಚೆಳ್ಳು ಹಾಗಲ್ಲ. ಒಂದು ಗಿಡದ ಹೂವಿಗೆ ಇನ್ನೊಂದು ಗಿಡದ ಪರಾಗ ಬೇಕು, ಅದನ್ನು ಹೊತ್ತು ತರಲು ನೊಣ ಬೇಕು. ನೊಣ ಬಾರದಿದ್ದರೆ ಹೊಲ ಹಳದಿ ಹೂವಿನಿಂದ ತುಂಬಿದ್ದರೂ ಕಾಳು ಜೊಳ್ಳು.

ಕಾಳು ಕಟ್ಟಿದರೆ ಗಾಣದಿಂದ ಎಣ್ಣೆ, ಮನೆಗೆ ಚಟ್ನಿಪುಡಿ, ಹಸುವಿಗೆ ಹಿಂಡಿ. ಹಿಂಡಿ ತಿಂದ ಹಸು ಹಾಲು ಕೊಡುತ್ತದೆ, ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ರಾಗಿ ಹೊಲಕ್ಕೆ. ರಾಗಿಹುಲ್ಲು ಮೆದೆಯಾಗಿ ಬೇಸಿಗೆಯಲ್ಲಿ ಮತ್ತೆ ಹಸುವಿಗೆ. ಇದರಲ್ಲಿ ಒಂದನ್ನು ತೆಗೆದರೆ ಅದನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರಬೇಕು. ಸಣ್ಣ ಹಿಡುವಳಿಯವನು ಸೋಲುವುದು ಅಲ್ಲಿಂದಲೇ.

ಆಷಾಢದಿಂದ ಹುಚ್ಚೆಳ್ಳು ಹೂ ಬಿಡುವವರೆಗೆ ಜೇನಿಗೆ ಹಸಿವಿನ ಕಾಲ. ಹೊರಗೆ ಹೂವು ಕಡಿಮೆ, ಮೋಡ, ಗಾಳಿ. ಆಗ ಪೆಟ್ಟಿಗೆ ತೆರೆದು ನೋಡಿ, ತುಪ್ಪ ಕಡಿಮೆಯಿದ್ದರೆ ಸಕ್ಕರೆ ಪಾಕ ಇಡುತ್ತೇನೆ. ಹಳೆಯ ಎರಿಗಳಿಗೆ ಮೇಣದ ಪತಂಗ ಬೀಳುವುದೂ ಆಗಲೇ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು. ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ ಹೊಲ ಹಳದಿಯಾದಾಗ ಪೆಟ್ಟಿಗೆಯ ಸದ್ದೇ ಬದಲಾಗುತ್ತದೆ. ಹೂವು ಹೆಚ್ಚಿ ನೊಣ ಹೆಚ್ಚಿದರೆ ಕುಟುಂಬ ಪಾಲಾಗುತ್ತದೆ. ಹಳೆಯ ರಾಣಿ ಅರ್ಧ ಸಂಸಾರ ಕರೆದುಕೊಂಡು ಹೊರಡುತ್ತದೆ, ಮನೆ ಮಗಳಿಗೆ ಉಳಿಯುತ್ತದೆ. ನಮ್ಮಲ್ಲಿ ಪಾಲಾಗುವಾಗ ಸರ್ವೆಯವರು, ವಕೀಲರು ಬೇಕು. ಅವಕ್ಕೆ ಬೇಡ.

ನಾನು ಸಾಕಿರುವುದು ನಮ್ಮ ನಾಡಿನ ತುಡುವೆ. ವರ್ಷಕ್ಕೆ ಪೆಟ್ಟಿಗೆಗೆ ಮೂರು ನಾಲ್ಕು ಕೆ.ಜಿ. ತುಪ್ಪ. ಯೂರೋಪಿನ ಮೆಲ್ಲಿಫೆರಾ ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ, ಆದರೆ ಅದನ್ನು ಹೂವಿದ್ದಲ್ಲಿಗೆ ಲಾರಿಯಲ್ಲಿ ಸಾಗಿಸುತ್ತಿರಬೇಕು. ತುಡುವೆ ಇದ್ದಲ್ಲೇ ಹೊಂದಿಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ನಮ್ಮ ಹಳೆಯ ಮನೆಯ ಗೋಡೆಯ ಪೊಟರೆಯಲ್ಲಿ ತಾತನ ಕಾಲದಿಂದ ಇದ್ದ ಜೇನೂ ಆಗ ಹೋಯಿತು. ಉಳಿದುಕೊಂಡ ಕೆಲವು ಕುಟುಂಬಗಳಿಂದಲೇ ಇಂದಿನ ತುಡುವೆ ಬೆಳೆದಿದೆ.

ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು. ಒಳ್ಳೆಯ ವರ್ಷ ನಮ್ಮ ಹೊಲದಲ್ಲಿ ಹನ್ನೆರಡು ಮೂಟೆ. 2021ರ ನವೆಂಬರ್ ನಿಮಗೆಲ್ಲ ನೆನಪಿದೆ. ವರ್ಷಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿ ಹೋದವು ಎಂದು ಊರವರು ಪೂಜೆ ಮಾಡಿದರು. ಅದೇ ಮಳೆಗೆ ಹೊಲದಲ್ಲಿ ರಾಗಿ ಮಲಗಿ ತೆನೆಯಲ್ಲೇ ಮೊಳಕೆ ಬಂತು. ನಮಗೆ ದಕ್ಕಿದ್ದು ನಾಲ್ಕು ಮೂಟೆ, ಅದೂ ಕಪ್ಪು. ಆ ವರ್ಷ ಮನೆ ನಡೆಸಿದ್ದು ಹಾಲು.

ಹಾಲಿನ ಮಾತು ಬಂದಾಗ ನಮ್ಮ ಜಿಲ್ಲೆಯವರೇ ಆದ ಎಂ.ವಿ. ಕೃಷ್ಣಪ್ಪನವರನ್ನು ನೆನೆಯಬೇಕು. ಈ ಬರಗಾಲದ ಸೀಮೆಗೆ ಸೀಮೆಹಸು, ಹೈನುಗಾರಿಕೆ ಬರುವಂತೆ ಮಾಡಿದವರಲ್ಲಿ ಅವರು ಮೊದಲಿಗರು. ರೇಷ್ಮೆ ಮತ್ತು ಹಾಲು ಎಂದು ಕೋಲಾರಕ್ಕೆ ಹೆಸರು ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಆದರೆ ಹಸು ಸಾಕುವುದು ಸುಲಭ ಎಂದು ಯಾರೂ ತಿಳಿಯಬೇಡಿ. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದಲ್ಲೆಲ್ಲ ಹರಡಿದಾಗ ನಮ್ಮ ಕೊಟ್ಟಿಗೆಯಿಂದ ತುಂಬಿದ ಗಬ್ಬದ ಹಸು ಹೋಯಿತು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನನ್ನ ಹೆಂಡತಿ ಹದಿನೆಂಟು ದಿನ ಕೊಟ್ಟಿಗೆಯಲ್ಲೇ ಮಲಗಿ ಹಸುವನ್ನು ಉಳಿಸಿಕೊಂಡಳು. ಡೇರಿ ಪಾಸ್‌ಬುಕ್ಕಿನಲ್ಲಿ ನನ್ನ ಹೆಸರಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವಳು ಅವಳು. ಇದನ್ನು ಈ ಸಭೆಯಲ್ಲಿ ಹೇಳಲೇಬೇಕು.

ಸಂಕ್ರಾಂತಿಗೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವಷ್ಟರಲ್ಲಿ ಮಾವು ಹೂ ಬಿಟ್ಟಿರುತ್ತದೆ. ಮಾವಿಗೆ ನೊಣಗಳೂ ಜೇನೂ ಎರಡೂ ಬರುತ್ತವೆ. ಶಿವರಾತ್ರಿಯ ಹೊತ್ತಿಗೆ ಆವಣಿ ದನಗಳ ಜಾತ್ರೆ. ಆಮೇಲೆ ನೇರಳೆ, ಹೊಂಗೆ, ಬೇವು, ಕೊನೆಗೆ ಹುಣಸೆ. ನಮ್ಮ ಜೇನಿಗೆ ನಿಜವಾದ ಸುಗ್ಗಿ ಹೊಂಗೆಯದು. ಏಪ್ರಿಲ್, ಮೇನಲ್ಲಿ ತುಪ್ಪ ತೆಗೆಯುತ್ತೇನೆ. ಎರಿ ಹಿಂಡುವುದಿಲ್ಲ, ಯಂತ್ರದಲ್ಲಿ ತಿರುಗಿಸಿ ಎರಿಯನ್ನು ಹಾಗೇ ವಾಪಸ್ಸು ಇಡುತ್ತೇನೆ. ಸಂಸಾರದ ಕೋಣೆಯ ತುಪ್ಪವನ್ನು ಮುಟ್ಟುವುದಿಲ್ಲ, ಅದು ಆಷಾಢಕ್ಕೆ ಅವುಗಳದು.

ನಾಲ್ಕು ವರ್ಷದ ಹಿಂದೆ ಜನವರಿಯ ಒಂದು ಬೆಳಿಗ್ಗೆ ಮೂರು ಪೆಟ್ಟಿಗೆಗಳ ಮುಂದೆ ಸತ್ತ ನೊಣ ರಾಶಿ ಬಿದ್ದಿತ್ತು. ಪಕ್ಕದ ಮಾವಿನ ತೋಟದಲ್ಲಿ ಹಿಂದಿನ ದಿನ ತುಂಬು ಹೂವಿಗೆ ಔಷಧಿ ಹೊಡೆದಿದ್ದರು. ನನಗೆ ಸಿಟ್ಟು ಬಂತು. ಆದರೆ ಅವರ ಮಾತನ್ನೂ ಕೇಳಬೇಕಲ್ಲ? "ಜಿಗಿಹುಳು ಬಿದ್ದರೆ ಇಡೀ ಫಸಲು ಹೋಗುತ್ತದೆ, ಸಾಲ ನೀನು ತೀರಿಸುತ್ತೀಯಾ?" ಎಂದರು. ಅದೂ ಸುಳ್ಳಲ್ಲ. ಎರಡು ಮೂರು ಸಲ ಕೂತು ಮಾತಾಡಿದೆವು. ಮಾವಿನ ಗಿಡಕ್ಕೆ ಹೂವು ಅರಳುವ ಮುಂಚೆ ಹೊಡೆಯುವುದೇ ಸರಿಯಾದ ಕ್ರಮ, ತುಂಬು ಹೂವಿನಲ್ಲಿ ಹೊಡೆದರೆ ಕಾಯಿ ಕಚ್ಚಿಸುವ ಕೀಟಗಳೇ ಸಾಯುತ್ತವೆ. ಜಿಗಿಹುಳುವಿಗೆ ನಾವು ಬಳಸುವ ಇಮಿಡಾಕ್ಲೋಪ್ರಿಡ್ ಜೇನಿಗೆ ಕಡುವಿಷ. ಯೂರೋಪಿನಲ್ಲಿ 2018ರಲ್ಲಿ ಬಯಲಿನ ಬೆಳೆಗಳಿಗೆ ಅದನ್ನು ನಿಷೇಧಿಸಿದ್ದಾರೆ.

ಈಗ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿದೆ. ಹೊಡೆಯುವ ಹಿಂದಿನ ದಿನ ಅವರು ತಿಳಿಸುತ್ತಾರೆ, ಸಂಜೆ ನೊಣ ಗೂಡು ಸೇರಿದ ಮೇಲೆ ಹೊಡೆಯುತ್ತಾರೆ. ನಾನು ಬಾಗಿಲಿಗೆ ಜಾಲರಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ ಮಾರನೆಯ ದಿನ ತಡವಾಗಿ ಬಿಡುತ್ತೇನೆ. ಅವರು ಔಷಧಿ ಬಿಟ್ಟಿಲ್ಲ, ನಾನು ಜೇನು ಬಿಟ್ಟಿಲ್ಲ. ಆದರೆ ಆ ಮೇಲೆ ಒಂದು ಪೆಟ್ಟಿಗೆಯೂ ಹಾಗೆ ಹೋಗಿಲ್ಲ. ರೇಷ್ಮೆ ಸಾಕುವ ಮನೆಗಳವರು ಇಂಥ ತಿಳುವಳಿಕೆಯನ್ನು ಎಷ್ಟೋ ಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಹಿಪ್ಪುನೇರಳೆ ಪಕ್ಕದಲ್ಲಿ ಔಷಧಿ ಹೊಡೆದರೆ ಹುಳು ಸಾಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅದೇ ಮರ್ಯಾದೆ ಜೇನಿಗೂ ಸಿಗಲಿ.

ನನ್ನ ಮಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಬಂದಾಗ ಕೇಳುತ್ತಾನೆ: "ಜಮೀನಿಗೆ ಬೆಲೆ ಬಂದಿದೆ, ಮಾರಿ ಬ್ಯಾಂಕಿಗೆ ಹಾಕಿದರೆ ಬಡ್ಡಿಯೇ ನಿಮ್ಮ ಆದಾಯಕ್ಕಿಂತ ಹೆಚ್ಚು." ಲೆಕ್ಕ ಸರಿಯಾಗಿಯೇ ಇದೆ. ಹಾಲಿನ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೂಸಾ, ಹಿಂಡಿ, ಡಾಕ್ಟರಿಗೆ ಹೋಗುತ್ತದೆ. ಏಳು ಪೆಟ್ಟಿಗೆಯಿಂದ ಬರುವ ಇಪ್ಪತ್ತೈದು ಕೆ.ಜಿ. ತುಪ್ಪ ಯಾವ ಮೂಲೆಗೆ? ನಾನು ಅವನಿಗೆ ಹೇಳುವುದು ಇಷ್ಟೇ. ಕೊರೊನಾ ಬಂದ 2020ರಲ್ಲಿ ನಗರದಿಂದ ಊರಿಗೆ ಬಂದವರು ಎಷ್ಟು ಜನ? ಆಗ ಯಾರ ಮನೆಯಲ್ಲಿ ರಾಗಿ, ಹಾಲು, ಮೊಟ್ಟೆ ಇತ್ತೋ ಅವರು ಯಾರ ಬಾಗಿಲಿಗೂ ಹೋಗಲಿಲ್ಲ. ಬಡ್ಡಿಯ ಲೆಕ್ಕದಲ್ಲಿ ಇದು ಬರುವುದಿಲ್ಲ. ಅವನು ಒಪ್ಪಿದ್ದಾನೆ ಎಂದು ಹೇಳಲಾರೆ. ಆದರೆ ಕಳೆದ ಬೇಸಿಗೆಯಲ್ಲಿ ತಾನಾಗಿ ಎರಡು ಹೊಸ ಪೆಟ್ಟಿಗೆ ತಂದಿಟ್ಟ. ತೀರ್ಮಾನ ಅವನದು, ನಾನು ಬಲವಂತ ಮಾಡುವುದಿಲ್ಲ.

ಕೊನೆಯದಾಗಿ ಊರಿಗೂ ಶಾಲೆಗೂ ಮೂರು ಬಿನ್ನಹ.

ಮೊದಲನೆಯದು ಹೆಜ್ಜೇನು. ಶಾಲೆಯ ಪಕ್ಕದ ನೀರಿನ ಟ್ಯಾಂಕಿಗೆ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತದೆ. ಈ ಸಮಾರಂಭಕ್ಕೆ ಮುಂಚೆ ಬೆಂಕಿ ಹಾಕಿಸಬೇಕೆಂಬ ಮಾತು ಬಂದಿತ್ತು. ಮಕ್ಕಳ ಬಗ್ಗೆ ಭಯವಿರುವುದು ನ್ಯಾಯವೇ, ಹೆಜ್ಜೇನು ಎದ್ದರೆ ಅಪಾಯ ನಿಜ. ಆದರೆ ಅದು ವಲಸೆಯ ಜೇನು, ಹೂವು ಮುಗಿದರೆ ತಾನೇ ಹೋಗುತ್ತದೆ. ಕಲ್ಲೆಸೆಯದಿದ್ದರೆ, ಹೊಗೆ ಹಾಕದಿದ್ದರೆ, ರಾತ್ರಿ ಅದರ ಕಡೆ ದೊಡ್ಡ ದೀಪ ಬಿಡದಿದ್ದರೆ ಅದರ ಪಾಡಿಗೆ ಅದು ಇರುತ್ತದೆ. ಆ ದಿನಗಳಲ್ಲಿ ಟ್ಯಾಂಕಿನ ಸುತ್ತ ಹಗ್ಗ ಕಟ್ಟಿ ಆಟ ಬೇರೆ ಕಡೆಗೆ ಸರಿಸೋಣ. ಯಾರಿಗಾದರೂ ಕುಟುಕಿದರೆ ಕೈ ಬೀಸದೆ ಕೋಣೆಯೊಳಗೆ ಓಡಬೇಕು, ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಹೆಚ್ಚು ಕುಟುಕಿದ್ದರೆ ಅಥವಾ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ.

ಎರಡನೆಯದು ಮರ. ಮಾಲೂರು, ಕೋಲಾರದ ಕಡೆ ನೀಲಗಿರಿ ತೋಪುಗಳನ್ನು ನೋಡಿದ್ದೀರಿ. ನೀಲಗಿರಿ ಹೂವು ಜೇನಿಗೆ ಒಳ್ಳೆಯ ಮೇವು. ಆದರೂ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದೆಂದು ಮಾಡಿದ ಆದೇಶದ ಪರ ನಾನು, ಏಕೆಂದರೆ ನೀರಿಲ್ಲದ ನೆಲದಲ್ಲಿ ಜೇನೂ ಇರಲಾರದು. ಅದರ ಬದಲು ಶಾಲೆಯ ಸುತ್ತ, ಕೆರೆ ಏರಿಯ ಆಚೆ, ಬದುಗಳಲ್ಲಿ ಹೊಂಗೆ, ನೇರಳೆ, ಹುಣಸೆ ನೆಡೋಣ. ಐವತ್ತು ವರ್ಷದ ನೆನಪಿಗೆ ಐವತ್ತು ಸಸಿ. ನೆಡುವುದು ಒಂದು ದಿನದ ಕೆಲಸ, ಮೂರು ಬೇಸಿಗೆ ನೀರು ಹಾಕುವುದು ನಿಜವಾದ ಕೆಲಸ. ಆ ಮೂರು ಬೇಸಿಗೆಯನ್ನು ಊರಲ್ಲೇ ಇರುವ ನಾವು ಹಳೆಯ ವಿದ್ಯಾರ್ಥಿಗಳು ಹೊರುತ್ತೇವೆ.

ಮೂರನೆಯದು ನೀರು. 2018ರಿಂದ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಒಣಗಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡವರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಹೋರಾಡುವವರೂ ಇದ್ದಾರೆ. ಆ ನೀರನ್ನು ದನ ಕುಡಿಯುತ್ತದೆ, ಜೇನು ಕುಡಿಯುತ್ತದೆ. ವಿಜ್ಞಾನದ ಮೇಷ್ಟರು ಮಕ್ಕಳಿಂದಲೇ ವರ್ಷಕ್ಕೆರಡು ಸಲ ನಮ್ಮ ಸುತ್ತಲ ಕೆರೆಗಳ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಊರಿಗೆ ದೊಡ್ಡ ಉಪಕಾರ.

ನನ್ನ ಮನೆಯ ಪೆಟ್ಟಿಗೆಗಳನ್ನು ನೋಡಲು ಯಾವ ಭಾನುವಾರ ಬಂದರೂ ತೋರಿಸುತ್ತೇನೆ. ಸಣ್ಣ ಮಕ್ಕಳಿದ್ದರೆ ಪೂರ್ತಿ ತೋಳಿನ ಅಂಗಿ ಹಾಕಿಸಿ ಕರೆತನ್ನಿ.