ಅಂಜಿದ ಪ್ರಾಣಿ ಎತ್ತ ಓಡುತ್ತದೆ?



ಹದ್ದಿನ ನೆರಳು ಅಂಗಳದ ಮೇಲೆ ಹಾದರೆ ಕೋಳಿಮರಿಗಳು ತಾಯಿಯ ರೆಕ್ಕೆಯಡಿ ಸೇರುವುವು. ಸದ್ದಾದೊಡನೆ ಇಲಿಯು ಬಿಲವನ್ನು ಹೊಗುವುದು. ಇವೆಲ್ಲವೂ ಹುಟ್ಟುಗುಣವೆಂದು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ಹುಟ್ಟುಗುಣವು ಓಡೆಂದು ಹೇಳೀತೇ ಹೊರತು, ಎತ್ತ ಓಡಬೇಕೆಂಬುದನ್ನು ಹೇಳಲಾರದು. ಬಿಲವಿರುವ ದಿಕ್ಕನ್ನು ಅರಿತೇ ಯಾವ ಇಲಿಯೂ ಹುಟ್ಟುವುದಿಲ್ಲವಷ್ಟೆ. ಹಾಗಾದರೆ ಆ ಅರಿವು ಬಂದುದೆಲ್ಲಿಂದ?

ಇಂಗ್ಲೆಂಡಿನಲ್ಲಿ ಟಿಯಾಗೊ ಬ್ರಾಂಕೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ನಡೆಸಿ, 2017ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇದಕ್ಕೆ ಉತ್ತರವಿತ್ತಿವೆ. ಅವರು ಸಣ್ಣ ಇಲಿಯೊಂದನ್ನು ಬಯಲಾದ ಕಣದಲ್ಲಿ ಬಿಟ್ಟರು. ಅಡಗಲು ಒಂದು ಮರೆಯಿತ್ತು. ಬಳಿಕ ಇಲಿಯ ತಲೆಯ ಮೇಲ್ಗಡೆ ಕಪ್ಪು ಬಿಲ್ಲೆಯೊಂದು ಬರಬರುತ್ತ ಹಿಗ್ಗುವಂತೆ ತೋರಿಸಿದರು. ಎರಗುವ ಹಕ್ಕಿಯ ಆಭಾಸ ಅದು. ಇಲಿಯು ನೇರವಾಗಿ ಮರೆಗೆ ಧಾವಿಸಿತು. ಮರೆಯೇ ಇಲ್ಲದ ಕಣದಲ್ಲಿಯಾದರೋ ಇಲಿಗಳು ಹೆಚ್ಚಾಗಿ ಇದ್ದಲ್ಲಿಯೇ ಕಲ್ಲಿನಂತೆ ನಿಂತುಬಿಟ್ಟುವು. ಅಪಾಯ ಒಂದೇ, ಪ್ರಾಣಿಯೂ ಅದೇ ಜಾತಿಯದು. ಬೇರೆಯಾದುದು ಸುತ್ತಣ ನೆಲೆ ಮಾತ್ರ.

ಇಲಿಯು ಆ ಗಳಿಗೆಯಲ್ಲಿ ಮರೆಯನ್ನು ಕಣ್ಣಿನಿಂದ ಹುಡುಕಿತೆಂದು ನಾವು ತಿಳಿಯಬಾರದು. ಮರೆಯನ್ನು ಬೇರೆಡೆಗೆ ಸರಿಸಿದಾಗ, ಅದು ಹಿಂದೆ ಇದ್ದ ಜಾಗಕ್ಕೇ ಇಲಿಯು ಓಡಿತು. ಅದನ್ನು ನಡೆಯಿಸಿದುದು ನೆನಪು. 20 ಸೆಕೆಂಡಿಗೂ ಕಡಿಮೆ ಹೊತ್ತು ಒಂದೇ ಒಂದು ಸಲ ಮರೆಯನ್ನು ಹೊಕ್ಕಿದ್ದರೆ, ಆ ನೆನಪಿಗೆ ಅಷ್ಟೇ ಸಾಕಾಗಿತ್ತು.

ಮೆದುಳಿನಲ್ಲಿ ಈ ಕೆಲಸವು ಹಂಚಿಹೋಗಿದೆ. ಕಂಡ ಅಪಾಯದ ಸುದ್ದಿಯನ್ನು ಕೂಡಿಸಿ ತೂಗುವುದು ನಡುಮೆದುಳಿನ ಬೆನ್ನ ಮೇಲಿರುವ ಒಂದು ಜೋಡಿ ಉಬ್ಬುಗಳು. ಆ ಸುದ್ದಿಯು ಒಂದು ಮಿತಿಯನ್ನು ಮೀರಿದಾಗ, ಅವುಗಳ ಕೆಳಗಿನ ಬೂದುಬಣ್ಣದ ಭಾಗವು ಓಟವನ್ನು ಆರಂಭಿಸುತ್ತದೆ. ಮರೆ ಯಾವ ದಿಕ್ಕಿಗಿದೆಯೆಂಬುದನ್ನು ಮೇಲ್ಮೆದುಳಿನ ಹಿಂಭಾಗದ ಒಂದು ವಲಯವು ಆ ಉಬ್ಬುಗಳಿಗೆ ತಿಳಿಸುತ್ತಿರುತ್ತದೆ. ಈ ಸಂಪರ್ಕವನ್ನು ತಡೆದಾಗ ಇಲಿಯು ಓಡದೆ ನಿಲ್ಲಲಿಲ್ಲ; ದಿಕ್ಕು ತಪ್ಪಿ ಓಡಿತು. ಭಯವೊಂದು, ದಾರಿಯ ಅರಿವು ಇನ್ನೊಂದು. ಎರಡೂ ಕೂಡಿದರೆ ಮಾತ್ರ ರಕ್ಷಣೆ.

ಇಲಿಯ ವಿಷಯವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದು ಅವಸರವಾದೀತು. ಆದರೂ ಒಂದು ವಿವೇಕವನ್ನು ನಾವು ಇದರಿಂದ ಪಡೆಯಬಹುದು. ಓಡಿದವನನ್ನು ಹೇಡಿಯೆಂದೂ, ಕಂಗೆಟ್ಟು ನಿಂತವನನ್ನು ಮಂದನೆಂದೂ ನಾವು ಸುಲಭವಾಗಿ ಕರೆದುಬಿಡುತ್ತೇವೆ. ಹಾಗೆ ಕರೆಯುವ ಮೊದಲು, ಅವನಿಗೆ ಓಡಿ ಸೇರಲು ಒಂದು ನೆಲೆ ತಿಳಿದಿತ್ತೇ ಎಂದು ಕೇಳುವುದು ನ್ಯಾಯ. ಆಸರೆಯ ದಾರಿಯನ್ನು ಅಪಾಯ ಬಂದಾಗ ಕಲಿಯಲು ವೇಳೆಯಿರುವುದಿಲ್ಲ. ಅದನ್ನು ನಿಶ್ಚಿಂತೆಯ ಹೊತ್ತಿನಲ್ಲಿಯೇ ಕಲಿತಿರಬೇಕು.