ರಾಷ್ಟ್ರಪತಿಗೆ ನೇರ ಮತವೇ?



“ಶಾಸಕರನ್ನು ಆರಿಸುವ ನಾವು ರಾಷ್ಟ್ರಪತಿಯನ್ನೇಕೆ ಆರಿಸಬಾರದು?” ಈ ಪ್ರಶ್ನೆ ನ್ಯಾಯವಾದದ್ದೇ. ಸಂವಿಧಾನ ಸಭೆಯಲ್ಲಿ ಪ್ರೊ. ಕೆ. ಟಿ. ಷಾ ಅವರೂ ನೇರ ಚುನಾವಣೆ ಬೇಕೆಂದರು. ಸಭೆ ಒಪ್ಪಲಿಲ್ಲ. ಆಡಳಿತದ ಹೊಣೆ ಮಂತ್ರಿಮಂಡಲದ್ದಾಗಿರುವಾಗ, ಇಡೀ ದೇಶದ ಮತ ಪಡೆದ ವ್ಯಕ್ತಿ ಅದಕ್ಕೆ ಎದುರಾಳಿಯಾಗಿ ನಿಲ್ಲಬಾರದೆಂಬುದು ಅದರ ನಿಲುವು.

ನೇರ ಮತ ಬೇಡವೆಂದೇ ನಾನೂ ಹೇಳುತ್ತೇನೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಪ್ರಚಾರ ಮಾಡಲು ಯಾರ ಹಣ ಬೇಕು? ಎಣ್ಣೆ ಮಿಲ್ಲಿನ ಕೂಲಿಯವನದೇ? ಸಂತೆಯ ಅಂಗಡಿಯವನದೇ? ಅಲ್ಲ, ಬಂಡವಾಳಗಾರರ ಥೈಲಿಯೇ ಬೇಕು. ಜರ್ಮನಿಯಲ್ಲಿ ಜನರ ನೇರ ಮತದಿಂದ ಗೆದ್ದ ಹಿಂಡೆನ್‌ಬರ್ಗರೇ 1933ರಲ್ಲಿ ಹಿಟ್ಲರನನ್ನು ಪ್ರಧಾನಿಯ ಪದವಿಗೆ ಏರಿಸಿದರು.

ಆದರೆ ಈಗಿನ ಪದ್ಧತಿಯೊಂದೇ ನಮ್ಮನ್ನು ಕಾಯುವುದೆಂದೂ ನಂಬಬೇಡಿ. ಶಾಸಕರು, ಸಂಸದರು ಆರಿಸಿದ ರಾಷ್ಟ್ರಪತಿಯೇ 1975ರಲ್ಲಿ ತುರ್ತುಪರಿಸ್ಥಿತಿಗೆ ರುಜು ಹಾಕಿದರು.

ಹಾಗಾದರೆ ನಮ್ಮ ಕೈಯಲ್ಲೇನಿದೆ? ಲೆಕ್ಕ ನೋಡಿ. 2022ರ ಚುನಾವಣೆಯಲ್ಲಿ, 1971ರ ಜನಗಣತಿಯ ಆಧಾರದ ಮೇಲೆ, ಕರ್ನಾಟಕದ ಒಬ್ಬೊಬ್ಬ ಶಾಸಕರ ಮತಕ್ಕೆ 131ರ ಬೆಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಕ್ಷೇತ್ರಗಳದು ಸೇರಿ 524. ಈ ಬೆಲೆ ಬಂದದ್ದು ಶಾಸಕರ ಪ್ರತಿಷ್ಠೆಯಿಂದಲ್ಲ, ನಮ್ಮ ತಲೆಗಳ ಎಣಿಕೆಯಿಂದ. ಆ ಮತದಾನ ಗುಪ್ತ. ಅಲ್ಲಿ ಪಕ್ಷದ ವಿಪ್ ನಡೆಯುವುದಿಲ್ಲ. ಆದ್ದರಿಂದ “ಪಕ್ಷ ಹೇಳಿತು, ಹಾಕಿದೆ” ಎಂಬ ನೆಪಕ್ಕೆ ಎಡೆಯಿಲ್ಲ.

ಮುಂದಿನ ಚುನಾವಣೆ ಬಂದಾಗ ನಾಲ್ವರನ್ನೂ ಬಹಿರಂಗ ಸಭೆಗೆ ಕರೆಯಿರಿ. ಯಾರಿಗೆ ಮತ, ಏಕೆ ಎಂದು ಕೇಳಿರಿ. ಒಡೆಯನು ಲೆಕ್ಕ ಕೇಳದಿದ್ದರೆ ಗುಮಾಸ್ತನೇ ಒಡೆಯನಾಗುತ್ತಾನೆ!