ಮೆರುಗಿನ ಮೆತ್ತೆ



ಕನ್ನಡ ಪಂಡಿತನೊಬ್ಬ ಕಾರಿನ ಪಾಲಿಷಿನ ವಿಚಾರ ಮಾತನಾಡುವುದೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಸಂಧಿ ಸಮಾಸಗಳನ್ನು ಹೇಳಿಕೊಡುವುದು ನನ್ನ ಕಸುಬು, ನಿಜ. ಆದರೆ ಪೆಟ್ಟು ತಿಂದು ಕಲಿತ ಪಾಠವನ್ನು ನಾಲ್ವರಿಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲವೆಂದು ಧೈರ್ಯ ಮಾಡಿದ್ದೇನೆ. ಕಾರಿನ ಬಣ್ಣಕ್ಕೆ ಮೆರುಗು ಕೊಡುವ ಯಂತ್ರದ ತುದಿಗೆ ಸ್ಪಾಂಜಿನಂಥ ಒಂದು ದುಂಡನೆಯ ಮೆತ್ತೆಯನ್ನು ಅಂಟಿಸುತ್ತಾರೆ. ಅದಕ್ಕೆ ಫೋಮ್ ಪ್ಯಾಡ್ ಎಂದು ಹೆಸರು. ಅದನ್ನು ಆರಿಸಿಕೊಳ್ಳುವ ಬಗೆಯೇ ಇಂದಿನ ನನ್ನ ವಿಷಯ.

ನನ್ನ ಅಕ್ಕನ ಮನೆಯಲ್ಲಿ ಒಂದು ಕಪ್ಪು ಕಾರಿದೆ. ಭಾವನವರು ಬದುಕಿದ್ದಾಗ ಪ್ರತಿ ಭಾನುವಾರ ಅದನ್ನು ತಾವೇ ತೊಳೆದು ಒರೆಸುತ್ತಿದ್ದರು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಅವರು ಹೋದ ಮೇಲೆ ಅದು ಹೊದಿಕೆಯ ಕೆಳಗೇ ನಿಂತಿತು. ಮಗಳ ಮದುವೆ ಗೊತ್ತಾದಾಗ, ಹುಡುಗಿ ತಂದೆಯ ಕಾರಿನಲ್ಲೇ ಛತ್ರಕ್ಕೆ ಹೋಗಬೇಕೆಂದು ಅಕ್ಕನಿಗೆ ಆಸೆಯಾಯಿತು. ಹೊದಿಕೆ ತೆಗೆದು ಬಿಸಿಲಿನಲ್ಲಿ ನೋಡಿದರೆ, ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರುಗಳು. “ನಾನೇ ಸರಿಮಾಡಿಕೊಡುತ್ತೇನೆ ಬಿಡಕ್ಕ” ಎಂದೆ.

ಸ್ನೇಹಿತರೊಬ್ಬರು ತಮ್ಮ ಕಾರಿಗೆ ಹಳದಿ ಪ್ಯಾಡು ಹಾಕಿ ಕನ್ನಡಿಯಂಥ ಹೊಳಪು ತಂದದ್ದನ್ನು ನಾನು ಕಂಡಿದ್ದೆ. ನೇರವಾಗಿ ಅಂಗಡಿಗೆ ಹೋಗಿ, “ಹಳದಿಯದು ಒಂದು ಕೊಡಿ” ಎಂದೆ. ಹೆಸರೂ ವಿವರವೂ ಇಲ್ಲದ ಒಂದು ಹಳದಿ ಪ್ಯಾಡು ಸಿಕ್ಕಿತು. ಯಂತ್ರವನ್ನು ಎರವಲು ತಂದು ಕೆಲಸಕ್ಕೆ ಕೈಹಚ್ಚಿದೆ. ಅರ್ಧ ಗಂಟೆಯೊಳಗೆ ಬಾನೆಟ್ಟಿನ ಅಂಚಿನಲ್ಲಿ ಹೆಬ್ಬೆರಳಗಲದ ಜಾಗ ಮಂಕಾಗಿ ಬೂದಿಯ ಬಣ್ಣಕ್ಕೆ ತಿರುಗಿತು. ಎಷ್ಟು ಒರೆಸಿದರೂ ಹೋಗಲಿಲ್ಲ. ಅಕ್ಕ ಬಂದು ನೋಡಿದಳು. ಒಂದು ಮಾತನ್ನೂ ಆಡದೆ, ಸೆರಗಿನಿಂದ ಆ ಜಾಗವನ್ನು ಒಮ್ಮೆ ಒರೆಸಿ ಒಳಗೆ ಹೋದಳು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದಾನೆ. ಅವನನ್ನು ಕರೆತಂದೆ. ಬಗ್ಗಿ ನೋಡಿ, “ಮೇಷ್ಟ್ರೇ, ಪಾಲಿಷ್ ಅಂದ್ರೆ ಹಚ್ಚೋದಲ್ಲ, ತೆಗೆಯೋದು” ಎಂದ. ಐವತ್ತು ದಾಟಿದ ಮೇಲೆ ನಾನು ವಿದ್ಯಾರ್ಥಿಯಾದೆ.

ಅವನು ಹೇಳಿದ್ದು ಹೀಗೆ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ವಾರ್ನಿಷಿನಂಥ ಪಾರದರ್ಶಕ ಪದರವೊಂದಿರುತ್ತದೆ. ಅದೇ ಕ್ಲಿಯರ್ ಕೋಟ್. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುವಾಗ, ಈ ಪದರ ಎಷ್ಟು ತೆಳುವೆಂಬುದನ್ನು ನೀವೇ ಊಹಿಸಿರಿ. ಗೀರು ಹೋಯಿತೆಂದರೆ ಗೀರನ್ನು ತುಂಬಿದೆವೆಂದಲ್ಲ. ಸುತ್ತಲಿನ ನೆಲವನ್ನು ಗೀರಿನ ಆಳಕ್ಕೆ ಸಮನಾಗಿ ಹೆರೆದೆವೆಂದು ಅರ್ಥ. ಹೆರೆದದ್ದು ಮತ್ತೆ ಬರುವುದಿಲ್ಲ. ಉಗುರಾಡಿಸಿದಾಗ ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರನ್ನು ಪೂರ್ತಿ ಅಳಿಸಹೋಗದೆ ಬಿಟ್ಟುಬಿಡುವುದೇ ಜಾಣತನ.

ಹೆರೆಯುವುದು ಪಾಲಿಷಿನಲ್ಲಿರುವ ನುಣ್ಣನೆಯ ಕಣಗಳು. ಅವುಗಳನ್ನು ಬಣ್ಣದ ಮೇಲೆ ಒತ್ತುವ ಕೈ ಯಾವುದೆಂದರೆ ಪ್ಯಾಡು. ಗಟ್ಟಿ ಫೋಮು ಕಣಗಳನ್ನು ಬಲವಾಗಿ ಒತ್ತಿ ಹೆಚ್ಚು ಹೆರೆಯುತ್ತದೆ. ಮೆತ್ತನೆಯದು ತಾನೇ ಬಗ್ಗಿ ಕಡಮೆ ಹೆರೆದು ಹೊಳಪು ತರುತ್ತದೆ. ಆದ್ದರಿಂದ ಪ್ಯಾಡುಗಳನ್ನು ಸ್ಥೂಲವಾಗಿ ಮೂರು ಜಾತಿ ಮಾಡಿದ್ದಾರೆ: ಹೆರೆಯುವ ಕಟಿಂಗ್, ನಡುವಣ ಪಾಲಿಷಿಂಗ್, ಕೊನೆಯ ಹೊಳಪಿನ ಫಿನಿಷಿಂಗ್. ಕುರಿಯುಣ್ಣೆಯ ಪ್ಯಾಡುಗಳೂ ಉಂಟು. ಅವು ಇನ್ನೂ ಚುರುಕು, ಪಳಗಿದವರ ಕೈಗೆ ತಕ್ಕವು.

“ಹಾಗಾದರೆ ಹಳದಿ ಯಾವ ಜಾತಿಯಪ್ಪ?” ಎಂದು ಕೇಳಿದೆ. “ಅದು ಯಾರ ಹಳದಿ ಅನ್ನೋದರ ಮೇಲೆ ಹೋಗುತ್ತೆ ಮೇಷ್ಟ್ರೇ” ಎಂದ. ಅಮೆರಿಕೆಯ ಲೇಕ್ ಕಂಟ್ರಿಯವರ ಹಳೆಯ ಸಾಲಿನಲ್ಲಿ ಹಳದಿ ಹೆರೆಯುವ ಪ್ಯಾಡು. ಅದೇ ದೇಶದ ಮೆಗ್ವಯರ್ಸ್‌ನವರ ಒಂದು ಸಾಲಿನಲ್ಲಿ ಹೆರೆಯುವುದು ಕಡುಗೆಂಪು, ಹಳದಿ ನಡುವಣದು. ಇಟಲಿಯ ರೂಪೆಸ್‌ನವರಲ್ಲಾದರೋ ನೀಲಿ ಒರಟು, ಹಸುರು ಮಧ್ಯಮ, ಹಳದಿ ನಯ.

ನಾವು ಓದುವ ಕಾಲದಲ್ಲಿ ಗುರುಗಳು ಹೇಳುತ್ತಿದ್ದ ‘ಸೈಂಧವ’ದ ಉದಾಹರಣೆ ಆಗ ನೆನಪಾಯಿತು. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆ ತರಬೇಕು. ಮಕ್ಕಳಿಗೆ ಮೂವತ್ತು ವರ್ಷ ಇದನ್ನೇ ಬೋಧಿಸಿದ ನಾನು, ಅಂಗಡಿಯಲ್ಲಿ ಉಪ್ಪು ಬೇಕಾದಲ್ಲಿ ಕುದುರೆ ಕೊಂಡುತಂದಿದ್ದೆ! ಬಣ್ಣ ಎಂಬುದು ಆಯಾ ತಯಾರಕರು ಮಾಡಿಕೊಂಡ ಸಂಕೇತ, ಅಷ್ಟೆ. ಆದುದರಿಂದ ಬಣ್ಣ ನೋಡಿ ಕೊಳ್ಳಬೇಡಿ. ಹೊದಿಕೆಯ ಮೇಲೆ ಯಾವ ಜಾತಿಯೆಂದು ಬರೆದದ್ದನ್ನು ಓದಿ. ಬರಹವಿಲ್ಲದ್ದನ್ನು ಅಲ್ಲೇ ಬಿಟ್ಟುಬನ್ನಿ.

ಇನ್ನು ಅಳತೆ. ಪ್ಯಾಡು ಯಂತ್ರದ ತಟ್ಟೆಗಿಂತ ತುಸು ಅಗಲವಾಗಿರಬೇಕು. 5 ಅಂಗುಲದ ತಟ್ಟೆಗೆ ಐದೂವರೆ ಅಂಗುಲದ ಪ್ಯಾಡು ಸರಿ. ಇಲ್ಲವಾದರೆ ತಟ್ಟೆಯ ಗಟ್ಟಿ ಅಂಚು ಬಣ್ಣಕ್ಕೆ ತಗಲುತ್ತದೆ. ಕನ್ನಡಿ, ಕಂಬಗಳ ಇಕ್ಕಟ್ಟಿಗೆ 3 ಅಂಗುಲದ್ದು ಬೇಕು. ಸಂಖ್ಯೆಯಲ್ಲಿ ಜಿಪುಣತನ ಬೇಡ. ಒಂದೇ ಪ್ಯಾಡಿನಲ್ಲಿ ಇಡೀ ಕಾರನ್ನು ಉಜ್ಜಿದರೆ ಅದು ಕಾದು, ಪಾಲಿಷಿನಿಂದ ಕಟ್ಟಿಕೊಂಡು ಕೆಲಸ ಕೆಡುತ್ತದೆ. ಜಾತಿಗೆ ಎರಡು ಮೂರಾದರೂ ಇರಲಿ. ಒಂದು ಬಗೆಯ ಪಾಲಿಷ್ ಹಾಕಿದ ಪ್ಯಾಡಿಗೆ, ತೊಳೆಯದೆ ಇನ್ನೊಂದನ್ನು ಹಾಕಬಾರದು. ನೆಲಕ್ಕೆ ಬಿದ್ದ ಪ್ಯಾಡನ್ನಂತೂ ತೊಳೆಯದೆ ಮುಟ್ಟಿಸಲೇಬಾರದು. ಒಂದು ಮರಳಿನ ಕಣ ಸಾಕು.

ಯಂತ್ರದಲ್ಲಿಯೂ ಎರಡು ಬಗೆ. ನಾನು ತಂದದ್ದು ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುವ ರೋಟರಿ. ಬಿಸಿಯೆಲ್ಲ ಒಂದೆಡೆ ಕೂಡುತ್ತದೆ. ಸುತ್ತುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರ ಹೊಸಬರಿಗೆ ಕ್ಷೇಮ. ಅಂಚುಗಳಲ್ಲಿ ಪದರ ತೆಳು, ಬಿಸಿ ಹೆಚ್ಚು. ಅಲ್ಲಿ ಮೊದಲೇ ಟೇಪು ಅಂಟಿಸಿಕೊಳ್ಳಬೇಕು. ನಾನು ಅಂಟಿಸಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕಾರನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ, ಬಾನೆಟ್ಟಿನ ಮೇಲೆ ಒಂದೂವರೆ ಅಡಿಯ ಚೌಕದಲ್ಲಿ ಮಾತ್ರ ಪರೀಕ್ಷೆ ಮಾಡಿ. ಅತ್ಯಂತ ಮೆತ್ತನೆಯ ಪ್ಯಾಡು, ಅತ್ಯಂತ ನಯವಾದ ಪಾಲಿಷ್‌ನಿಂದ ಆರಂಭಿಸಿ. ಸಾಲದೆಂದರೆ ಒಂದು ಮೆಟ್ಟಿಲು ಮೇಲೇರಿ. ಮೇಲಿನ ಮೆಟ್ಟಿಲಿನಲ್ಲಿ ಹೆರೆದುದನ್ನು ಕೆಳಗಿಳಿದು ಮರಳಿ ತರಲಾಗದು.

ಆ ಹುಡುಗನೂ ನಾನೂ ಸೇರಿ ಉಳಿದ ಭಾಗಗಳನ್ನು ಹೀಗೆಯೇ ಎರಡು ದಿನ ಕುಳಿತು ಮುಗಿಸಿದೆವು. ಬಾಗಿಲುಗಳಿಗೆ ನಡುವಣ ಪ್ಯಾಡೇ ಸಾಕಾಯಿತು. ಮದುವೆಯ ದಿನ ಬಾನೆಟ್ಟಿನ ಆ ಮೂಲೆಯ ಮೇಲೆ ಸೇವಂತಿಗೆಯ ಹಾರ ಬಂತು. ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ, ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸೋಣವೆಂದು ನಾನು ಎರಡು ಮೂರು ಸಲ ಹೇಳಿದೆ. ಅಕ್ಕ ಒಪ್ಪಲಿಲ್ಲ. “ಬೇಡ ಕಣೋ, ಅದು ಅವರು ಒರೆಸಿದ ಬಣ್ಣ. ಉಳಿದಿರೋದಾದರೂ ಇರಲಿ” ಎಂದಳು.

ಈಗ ತಿಂಗಳಿಗೊಮ್ಮೆ ಹೋಗಿ ಆ ಕಾರನ್ನು ನಾನೇ ತೊಳೆಯುತ್ತೇನೆ, ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ.